ಪಿನ್ ಕೂತರೆ ಸಾಲದು: ಜಪಾನಿನ ಹಳೇ ಕನ್ಸೋಲ್‌ಗಳಿಗೆ ನಾಲ್ಕು ಬಗೆಯ ಅಡಾಪ್ಟರ್ ಬಳಸಿ ನೋಡಿದೆ

ನನ್ನ ಸೂಪರ್ ಫ್ಯಾಮಿಕಾಮ್, ಅಂದರೆ ನಿಂಟೆಂಡೊ ಕಂಪನಿಯ ಹಳೇ ಗೇಮ್ ಕನ್ಸೋಲ್, ಮನೆಗೆ ಬಂದ ಮೊದಲ ವಾರದಲ್ಲೇ ಕೆಟ್ಟಿತು. ಆಟದ ನಡುವೆ ಅಲ್ಲ, ಅಡಾಪ್ಟರ್ ಚುಚ್ಚಿದಾಗ. ವೋಲ್ಟೇಜ್ ತಿರುಗಿಸಿ ಆರಿಸಿಕೊಳ್ಳುವ, ಪಿನ್ ಕಳಚಿ ಹಾಕುವ ಒಂದು ಅಡಾಪ್ಟರ್ ನನ್ನ ಹತ್ತಿರ ಮೊದಲೇ ಇತ್ತು. 9 ವೋಲ್ಟಿಗೆ ಇಟ್ಟೆ. ಪಿನ್ ಕನ್ಸೋಲಿನ ಹಿಂದಿನ ತೂತಿನಲ್ಲಿ ಬಿಗಿಯಾಗಿ ಕೂತಿತು. ಸ್ವಿಚ್ಚನ್ನು ಮೇಲಕ್ಕೆ ತಳ್ಳಿದೆ. ಕೆಂಪು ದೀಪ ಹತ್ತಲಿಲ್ಲ. ಬಿಚ್ಚಿ ನೋಡಿದರೆ ಬೋರ್ಡಿನ ಮೇಲಿನ ಸಣ್ಣ ಫ್ಯೂಸ್ ಹೋಗಿತ್ತು. ನಾನು ಪಿನ್ನನ್ನು ತಿರುವುಮುರುವಾಗಿ ಸಿಕ್ಕಿಸಿದ್ದೆ. ಪ್ಲಸ್ ಇರಬೇಕಾದ ಕಡೆ ಮೈನಸ್ ಹೋಗಿತ್ತು.

ಫ್ಯೂಸ್ ಬದಲಾಯಿಸಿದ ಮೇಲೆ ಕನ್ಸೋಲ್ ಬದುಕಿತು. ಆದರೆ ಆ ದಿನದಿಂದ ಯಾವ ಅಡಾಪ್ಟರನ್ನೂ ಅಳೆಯದೆ ಚುಚ್ಚಿಲ್ಲ. ಆಮೇಲೆ ನಿಂಟೆಂಡೊದ್ದೇ ಫ್ಯಾಮಿಕಾಮ್ ಬಂತು, ಸೇಗಾ ಕಂಪನಿಯ ಮೊದಲ ಮಾದರಿಯ ಮೆಗಾ ಡ್ರೈವ್ ಬಂತು, ಸ್ಯಾಟರ್ನ್ ಬಂತು. ಎಲ್ಲವೂ ಜಪಾನಿನವು. ಅಲ್ಲಿ ಮನೆಗೆ ಬರುವುದು 100 ವೋಲ್ಟ್. ನನ್ನ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230. ಈ ಅಂತರ ದಾಟಲು ನಾಲ್ಕು ದಾರಿ ಹಿಡಿದು ನೋಡಿದೆ.

ಮೊದಲು, ಕನ್ಸೋಲ್ ಕೇಳುವುದೇನು

1983ರ ಫ್ಯಾಮಿಕಾಮ್ ಮತ್ತು 1990ರ ಸೂಪರ್ ಫ್ಯಾಮಿಕಾಮ್ ಎರಡಕ್ಕೂ ನಿಂಟೆಂಡೊ ಒಂದೇ ಅಡಾಪ್ಟರ್ ಕೊಟ್ಟಿತ್ತು. ಅದರ ಮೇಲೆ 10 ವೋಲ್ಟ್ ಡಿಸಿ, 850 ಮಿಲಿಆಂಪ್ ಅಂತ ಇದೆ. ಡಿಸಿ ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್; ಗೋಡೆಯಲ್ಲಿ ಬರುವ ಎಸಿ ದಿಕ್ಕು ಬದಲಿಸುತ್ತಾ ಹರಿಯುತ್ತದೆ. ಪಿನ್ನಿನ ಒಳಭಾಗ ಮೈನಸ್, ಹೊರಗಿನ ಸುತ್ತು ಪ್ಲಸ್. ಇದನ್ನೇ ಸೆಂಟರ್ ನೆಗೆಟಿವ್ ಅನ್ನುವುದು. ಮೊದಲ ಮಾದರಿಯ ಮೆಗಾ ಡ್ರೈವ್‌ಗೆ 9 ವೋಲ್ಟ್ ಡಿಸಿ, 1.2 ಆಂಪ್. ಅದೂ ಸೆಂಟರ್ ನೆಗೆಟಿವ್. ಪಿನ್ನಿನ ಅಳತೆಯೂ ಅದೇ, ಹೊರಗೆ 5.5 ಮಿಲಿಮೀಟರ್, ಒಳಗೆ 2.1.

ಇಲ್ಲಿವರೆಗೆ ಸುಲಭ ಅನ್ನಿಸುತ್ತದೆ, ಅಲ್ವಾ? ಇಲ್ಲೇ ಎಡವುವುದು. ಎರಡನೇ ಮಾದರಿಯ ಮೆಗಾ ಡ್ರೈವ್‌ಗೆ ಬಂದಾಗ ಸೇಗಾ ಪಿನ್ನನ್ನು ಸಣ್ಣದು ಮಾಡಿ, ಒಳಭಾಗವನ್ನು ಪ್ಲಸ್ ಮಾಡಿತು. ವೋಲ್ಟೇಜ್ 10, 0.85 ಆಂಪ್. ಒಂದೇ ಹೆಸರಿನ ಎರಡು ಪೆಟ್ಟಿಗೆ, ಒಂದಕ್ಕೊಂದು ಉಲ್ಟಾ. ನಿಯೋ ಜಿಯೋ ಮನೆ ಕನ್ಸೋಲ್ ಇನ್ನೂ ನಾಜೂಕು. ಮೊದಮೊದಲು ಬಂದವು 5 ವೋಲ್ಟಿನವು, ಆಮೇಲಿನವು 9ರವು. 5ರದ್ದಕ್ಕೆ 9 ಕೊಟ್ಟರೆ ಚಿಪ್‌ಗಳೇ ಹೋಗುತ್ತವೆ. ಅದರ ಅಡಿಯ ಲೇಬಲ್ ಓದದೆ ಮುಟ್ಟಲೇಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ಎನ್‌ಇಎಸ್, ಅಂದರೆ ಫ್ಯಾಮಿಕಾಮ್‌ನ ಅಮೆರಿಕದ ರೂಪದ ಅಡಾಪ್ಟರ್. ಅದು ಹೊರಗೆ ಕೊಡುವುದು 9 ವೋಲ್ಟ್ ಎಸಿ. ಎನ್‌ಇಎಸ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳಿವೆ, ಹಾಗಾಗಿ ಅದಕ್ಕೆ ಸರಿಹೋಗುತ್ತದೆ. ಫ್ಯಾಮಿಕಾಮ್ ಒಳಗೆ ಅವಿಲ್ಲ. ಪಿನ್ ಮಾತ್ರ ಚೆನ್ನಾಗಿ ಕೂರುತ್ತದೆ. ಸೂಪರ್ ಫ್ಯಾಮಿಕಾಮ್ ಯುರೋಪಿನಲ್ಲಿ ಸೂಪರ್ ನಿಂಟೆಂಡೊ ಹೆಸರಿನಲ್ಲಿ ಬಂತು, ಅಲ್ಲಿನ ಅಡಾಪ್ಟರ್ ಕೂಡ ಎಸಿಯೇ. "ಒಂದೇ ಕಂಪನಿ, ಒಂದೇ ಕನ್ಸೋಲ್, ಊರು ಬೇರೆ ಅಷ್ಟೆ" ಅಂದುಕೊಂಡು ಅದನ್ನು ಸೂಪರ್ ಫ್ಯಾಮಿಕಾಮ್‌ಗೆ ಚುಚ್ಚಬೇಡಿ.

10 ಅಂತ ಬರೆದಲ್ಲಿ 9 ಯಾಕೆ ಸಾಕು

ಈ ಕನ್ಸೋಲ್‌ಗಳ ಚಿಪ್‌ಗಳು ಓಡುವುದು 5 ವೋಲ್ಟಿನಲ್ಲಿ. ಹೊರಗಿನಿಂದ ಬಂದ 9 ಅಥವಾ 10 ವೋಲ್ಟನ್ನು 5ಕ್ಕೆ ಇಳಿಸಲು ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಇದೆ. ಮೊದಲ ಮೆಗಾ ಡ್ರೈವ್‌ನಲ್ಲಿ ಎರಡಿವೆ. ಈ ರೆಗ್ಯುಲೇಟರ್ ಮಿಕ್ಕ ವೋಲ್ಟನ್ನು ಎಲ್ಲಿಗೂ ಕಳಿಸುವುದಿಲ್ಲ, ಬಿಸಿ ಮಾಡಿ ಕಳೆಯುತ್ತದೆ. ಅರ್ಧ ಆಂಪ್ ಎಳೆಯುತ್ತಿದೆ ಅಂತ ಇಟ್ಟುಕೊಳ್ಳಿ. 10 ವೋಲ್ಟ್ ಕೊಟ್ಟರೆ ಎರಡೂವರೆ ವ್ಯಾಟ್ ಬಿಸಿಯಾಗಿ ಹೋಗುತ್ತದೆ. 9 ಕೊಟ್ಟರೆ ಎರಡು. 12 ಕೊಟ್ಟರೆ ಮೂರೂವರೆ. 12 ವೋಲ್ಟಿನಲ್ಲೂ ಕನ್ಸೋಲ್ ಆನ್ ಆಗುತ್ತದೆ, ಆಟವೂ ನಡೆಯುತ್ತದೆ. ಆದರೆ ವಿದ್ಯುತ್ ತುಂಬಿಟ್ಟುಕೊಳ್ಳುವ ಮೂವತ್ತು ವರ್ಷದ ಕೆಪಾಸಿಟರ್‌ಗಳ ಪಕ್ಕದಲ್ಲಿ ಸುಮ್ನೆ ಅಷ್ಟು ಬಿಸಿ ಯಾಕೆ? ಕಡಿಮೆಯೆಂದರೂ 7805ಗೆ ಏಳು ಏಳೂವರೆ ವೋಲ್ಟಾದರೂ ಬೇಕು. ಹಾಗಾಗಿ ಏರುಪೇರಿಲ್ಲದ 9 ಇದಕ್ಕೆ ಹೇಳಿ ಮಾಡಿಸಿದ್ದು.

ಆಂಪ್ ಬಗ್ಗೆ ಹೆದರಿಕೆ ಬೇಡ. 2 ಆಂಪ್ ಅಡಾಪ್ಟರ್ ಕನ್ಸೋಲಿಗೆ 2 ಆಂಪ್ ನೂಕುವುದಿಲ್ಲ. ಕನ್ಸೋಲ್ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಕಡಿಮೆ ಆದರೆ ಮಾತ್ರ ತೊಂದರೆ. ಗಿಟಾರ್ ಪೆಡಲ್‌ಗಳ ಅಡಾಪ್ಟರ್ ಕೂಡ 9 ವೋಲ್ಟ್, ಸೆಂಟರ್ ನೆಗೆಟಿವ್, ಅದೇ ಪಿನ್. ಆದರೆ ಎಷ್ಟೋ ಅಡಾಪ್ಟರ್‌ಗಳು ಕೊಡುವುದು ಅರ್ಧ ಆಂಪ್ ಅಥವಾ ಅದಕ್ಕೂ ಕಡಿಮೆ. ಮೆಗಾ ಡ್ರೈವ್‌ಗೆ ಅದು ಸಾಲದು.

ಮೂಲ ಅಡಾಪ್ಟರ್ + ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್

ನಿಂಟೆಂಡೊ ಕೊಟ್ಟ ಹಳೇ ಅಡಾಪ್ಟರನ್ನೇ ಬಳಸೋಣ, ನಡುವೆ 230ರಿಂದ 100ಕ್ಕೆ ಇಳಿಸುವ ಪೆಟ್ಟಿಗೆ ಇಡೋಣ ಅಂತ ಶುರು ಮಾಡಿದೆ. ಮನಸ್ಸಿಗೆ ಹತ್ತಿರವಾದದ್ದು ಇದೇ. ಟಿವಿಯಲ್ಲಿ ಚಿತ್ರ ಶುಭ್ರವಾಗಿ ಬಂತು.

ಅಳೆದಾಗ ಒಂದು ಅಚ್ಚರಿ. 10 ವೋಲ್ಟ್ ಅಂತ ಬರೆದ ಅಡಾಪ್ಟರ್, ಕನ್ಸೋಲಿಗೆ ಚುಚ್ಚದೆ ಖಾಲಿ ಇದ್ದಾಗ ಮೀಟರಿನಲ್ಲಿ 14 ತೋರಿಸಿತು. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಈ ಹಳೆಯವುಗಳ ಒಳಗೆ ಕಬ್ಬಿಣದ ತಗಡು, ತಾಮ್ರದ ಸುತ್ತು, ಡಯೋಡ್, ಕೆಪಾಸಿಟರ್ ಇಷ್ಟೇ ಇರುತ್ತದೆ. ವೋಲ್ಟೇಜ್ ಹಿಡಿದಿಡುವ ವ್ಯವಸ್ಥೆ ಇಲ್ಲ. ಕನ್ಸೋಲ್ ವಿದ್ಯುತ್ ಎಳೆಯತೊಡಗಿದಾಗ ಇಳಿದು 10ರ ಹತ್ತಿರ ಬರುತ್ತದೆ. ಇದೇ ಕಾರಣಕ್ಕೆ ಗೋಡೆಯಲ್ಲಿ ಜಾಸ್ತಿ ಬಂದರೆ ಪಿನ್ನಿನಲ್ಲೂ ಜಾಸ್ತಿ ಬರುತ್ತದೆ. ಸ್ಟೆಪ್‌ಡೌನ್ ಕೊಳ್ಳುವಾಗ ಇದನ್ನು ನೆನಪಿಡಬೇಕು. ಎಷ್ಟೋ ಪೆಟ್ಟಿಗೆಗಳು 110 ಕೊಡುತ್ತವೆ, 100 ಅಲ್ಲ. ಅಂದರೆ ಜಪಾನಿನ ಅಡಾಪ್ಟರಿಗೆ ನೂರಕ್ಕೆ ಹತ್ತು ಜಾಸ್ತಿ. ಅದನ್ನು ತಡೆದುಕೊಳ್ಳುತ್ತದೆ, ಆದರೆ ಮುಟ್ಟಿದರೆ ಗೊತ್ತಾಗುವಷ್ಟು ಬಿಸಿಯಾಗುತ್ತದೆ. ನನ್ನದು ಸರಿಯಾಗಿ 100ರದ್ದು.

ಇನ್ನೊಂದನ್ನು ಒತ್ತಿ ಹೇಳಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಹಗುರ, ಮೇಲೆ ಸಾವಿರಾರು ವ್ಯಾಟ್ ಅಂತ ಬರೆದ ಪ್ರವಾಸದ ಕನ್ವರ್ಟರ್‌ಗಳು ಸಿಗುತ್ತವೆ. ಅವು ಎಸಿ ಅಲೆಯನ್ನು ಕತ್ತರಿಸಿ ಕೊಡುತ್ತವೆ, ನಿಜವಾಗಿ ಇಳಿಸುವುದಿಲ್ಲ. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್‌ಗೆ ಆದೀತು. ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರಿಗೆ ಖಂಡಿತ ಬೇಡ. ನಿಜವಾದ ಸ್ಟೆಪ್‌ಡೌನ್ ಎತ್ತಿದರೆ ಭಾರ ಇರುತ್ತದೆ. ಪಿನ್ನಿನ ಆಕಾರ ಬದಲಿಸುವ ಪುಟ್ಟ ಪ್ಲಗ್ ಅಂತೂ ವೋಲ್ಟೇಜನ್ನು ಮುಟ್ಟುವುದೇ ಇಲ್ಲ. ಅದರ ಮೂಲಕ 100ರ ಅಡಾಪ್ಟರನ್ನು 230ಕ್ಕೆ ಹಾಕಿದರೆ ಅಡಾಪ್ಟರ್ ಸುಟ್ಟುಹೋಗುತ್ತದೆ.

ಈ ದಾರಿಯ ಕೊರತೆ ಎರಡು. ಒಂದು, ಟ್ರಾನ್ಸ್‌ಫಾರ್ಮರ್ ಮೆಲ್ಲಗೆ ಗುಂಯ್‌ಗುಡುತ್ತದೆ, ಆಡದಿದ್ದಾಗಲೂ ಬೆಚ್ಚಗಿರುತ್ತದೆ. ಸ್ವಿಚ್ ಆರಿಸಲು ಮರೆಯುವಂತಿಲ್ಲ. ಎರಡು, ಮೂಲ ಅಡಾಪ್ಟರಿಗೂ ವಯಸ್ಸಾಗಿದೆ. ನನ್ನದರ ವೈರ್, ಪಿನ್ ಸೇರುವ ಜಾಗದಲ್ಲಿ ಗಟ್ಟಿಯಾಗಿ, ಬಗ್ಗಿಸಿದರೆ ಸಣ್ಣ ಬಿರುಕು ಬಿಡುತ್ತಿತ್ತು. ಒಳಗಿನ ತಾಮ್ರ ಕಾಣಿಸಿದ ದಿನ ಅದನ್ನು ಬಳಸುವುದು ನಿಲ್ಲಿಸಿದೆ.

ತಿರುಗಿಸಿ ಆರಿಸುವ ಅಡಾಪ್ಟರ್

ಮೊದಲೇ ಹೇಳಿದ್ದು ಇದರ ಕಥೆಯೇ. 3ರಿಂದ 12 ವೋಲ್ಟ್‌ವರೆಗೆ ಒಂದು ಸಣ್ಣ ಗುಂಡಿ, ಆರೇಳು ಪಿನ್. ಪಿನ್ನಿನ ಬುಡದಲ್ಲಿ ಎರಡು ಕಡ್ಡಿ ಇರುತ್ತವೆ, ಹೇಗೆ ಬೇಕಾದರೂ ಸಿಕ್ಕಿಸಬಹುದು. ಒಂದು ಕಡೆಗೆ ಹಾಕಿದರೆ ಒಳಭಾಗ ಪ್ಲಸ್, ತಿರುಗಿಸಿದರೆ ಮೈನಸ್. ಗುರುತು ಇರುವುದು ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಅಕ್ಷರದಲ್ಲಿ, ಸಾಸಿವೆ ಕಾಳಿನಷ್ಟು. ಗುಂಡಿಯೂ ಸಡಿಲ. ಟಿವಿ ಹಿಂದೆ ವೈರ್ ಸರಿಸುವಾಗ ಅದು 9ರಿಂದ 12ಕ್ಕೆ ಜರುಗಿದ್ದನ್ನು ಒಮ್ಮೆ ಕಣ್ಣಾರೆ ಕಂಡೆ.

ಮೀಟರ್ ಕೈಯಲ್ಲಿಟ್ಟುಕೊಂಡು ಪರೀಕ್ಷೆ ಮಾಡಲು ಇದು ಅನುಕೂಲ. ಕನ್ಸೋಲಿಗೆ ಕಾಯಂ ಆಗಿ ಹಾಕಿಡಲು ನಾನು ಯಾರಿಗೂ ಹೇಳುವುದಿಲ್ಲ.

ಟೈಪ್-ಸಿ ಚಾರ್ಜರ್‌ನಿಂದ 9 ವೋಲ್ಟ್

ಈಗಿನ ಫೋನ್ ಚಾರ್ಜರ್‌ಗಳು ಪವರ್ ಡೆಲಿವರಿ ಪದ್ಧತಿಯಲ್ಲಿ 5, 9, 15, 20 ವೋಲ್ಟ್ ಕೊಡಬಲ್ಲವು, ಎದುರಿನ ಸಾಧನ ಕೇಳಿದರೆ. ಒಂದು ತುದಿಯಲ್ಲಿ ಟೈಪ್-ಸಿ, ಇನ್ನೊಂದರಲ್ಲಿ ದುಂಡನೆಯ ಪಿನ್ ಇರುವ ವೈರ್ ಸಿಗುತ್ತದೆ. ಅದರೊಳಗಿನ ಚಿಪ್ ಚಾರ್ಜರ್ ಹತ್ತಿರ 9 ವೋಲ್ಟ್ ಕೇಳಿ ಪಡೆಯುತ್ತದೆ. ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ಎಲ್ಲಿ ಬೇಕಾದರೂ ನಡೆಯುತ್ತದೆ. ಬುದ್ಧಿವಂತಿಕೆಯ ದಾರಿ, ನನಗೆ ಬಹಳ ಇಷ್ಟವಾಯಿತು.

ಬಳಸುತ್ತಾ ಹೋದಂತೆ ಅಡ್ಡಿಗಳು ಕಂಡವು. ನಾನು ತರಿಸಿದ ವೈರ್ ಸೆಂಟರ್ ಪಾಸಿಟಿವ್ ಆಗಿತ್ತು. ಪ್ಲಸ್ ಮೈನಸ್ ತಿರುಗಿಸುವ ತುಂಡು ವೈರ್ ಬೇರೆ ಸೇರಿಸಬೇಕಾಯಿತು. ಆ ತುಂಡು ಕಳಚಿಹೋಗಿ ಯಾರಾದರೂ ನೇರವಾಗಿ ಚುಚ್ಚಿದರೆ ಮತ್ತದೇ ಫ್ಯೂಸ್. 9ರ ವೈರೂ 15, 20ರ ವೈರೂ ನೋಡಲು ಒಂದೇ ಥರ. ಎರಡು ತೂತಿನ ಚಾರ್ಜರ್‌ನಲ್ಲಿ ಇನ್ನೊಂದು ತೊಂದರೆ. ಪಕ್ಕದ ತೂತಿಗೆ ಫೋನ್ ಹಾಕಿದ ಕೂಡಲೇ ಚಾರ್ಜರ್ ಶಕ್ತಿಯನ್ನು ಹೊಸದಾಗಿ ಹಂಚುತ್ತದೆ, ಒಂದು ಕ್ಷಣ ನಿಲ್ಲಿಸುತ್ತದೆ. ಕನ್ಸೋಲ್ ಆರಿ ಮತ್ತೆ ಹತ್ತಿತು. ಒಂದು ಗಂಟೆಯ ಆಟ ಹೋಯಿತು. ಒಂದೇ ತೂತಿನ ಚಾರ್ಜರಿಗೆ ಬದಲಾಯಿಸಿದ ಮೇಲೆ ಮೆಗಾ ಡ್ರೈವ್ ಕೂಡ ಅಲುಗಾಡದೆ ಓಡಿತು.

ಸಾಮಾನ್ಯ 5 ವೋಲ್ಟ್ ತೂತಿನಿಂದ 9ಕ್ಕೆ ಏರಿಸುವ ಅಗ್ಗದ ವೈರ್‌ಗಳು ಬೇರೆ ಜಾತಿ. ಅವುಗಳಲ್ಲಿ ಒಂದನ್ನು ನೋಡಿದೆ. ಮೆಗಾ ಡ್ರೈವ್ ಹೆಸರು ತೆರೆಯ ಮೇಲೆ ಬರುವ ಮೊದಲೇ ವೋಲ್ಟೇಜ್ ಕುಸಿಯಿತು.

ಒಂದೇ ವೋಲ್ಟೇಜಿನ ಹೊಸ ಅಡಾಪ್ಟರ್

ಕೊನೆಗೆ ನಾನು ನಿಂತದ್ದು ಇಲ್ಲಿ. 9 ವೋಲ್ಟ್ ಡಿಸಿ, 2 ಆಂಪ್, ಸೆಂಟರ್ ನೆಗೆಟಿವ್, ಒಳಬರುವುದು 100ರಿಂದ 240 ವೋಲ್ಟ್, 50/60 ಹರ್ಟ್ಸ್. ತಿರುಗಿಸುವ ಗುಂಡಿ ಇಲ್ಲ, ಕಳಚುವ ಪಿನ್ ಇಲ್ಲ. ಖಾಲಿ ಇದ್ದಾಗ ಅಳೆದರೆ 9.1. ಕನ್ಸೋಲ್ ಓಡುವಾಗ ನಡುವೆ ಒಂದು ಮೋಟು ವೈರ್ ಹಾಕಿ ಅಳೆದರೆ 9.0. ಎರಡು ಗಂಟೆ ಆಡಿದ ಮೇಲೂ ಅಡಾಪ್ಟರ್ ಕೈಗೆ ಉಗುರು ಬೆಚ್ಚಗಷ್ಟೆ.

ಎಲ್ಲವೂ ಹೀಗಿರುವುದಿಲ್ಲ. ಇದಕ್ಕೂ ಮೊದಲು ತಂದ ಒಂದು ತೀರಾ ಹಗುರವಾಗಿತ್ತು, ಯಾವ ಸುರಕ್ಷತಾ ಮುದ್ರೆಯೂ ಇರಲಿಲ್ಲ. ಅದನ್ನು ಹಾಕಿದಾಗ ತೆರೆಯ ಮೇಲೆ ಓರೆ ಗೆರೆಗಳು ಮೆಲ್ಲಗೆ ಸರಿಯುತ್ತಿದ್ದವು, ಸ್ಪೀಕರಿನಲ್ಲಿ ಸಣ್ಣ ಕೀರಲು. ಕನ್ಸೋಲಿನದೇ ದೋಷ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಅಡಾಪ್ಟರ್ ಬದಲಿಸಿದಾಗ ಗೆರೆಗಳೂ ಹೋದವು. ಈ ಹೊಸ ಹಗುರ ಅಡಾಪ್ಟರ್‌ಗಳು ವಿದ್ಯುತ್ತನ್ನು ಬಹಳ ವೇಗವಾಗಿ ಆನ್ ಆಫ್ ಮಾಡಿ ಇಳಿಸುವ ಸ್ವಿಚಿಂಗ್ ಬಗೆಯವು, ಅದು ಕಳಪೆಯಾಗಿದ್ದರೆ ಆ ಗದ್ದಲ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯ, ಗೋಡೆಯ 230ನ್ನು ನಿಮ್ಮ ಕೈಯಿಂದ ದೂರ ಇಡುವುದು ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಒಂದೇ. ಅಲ್ಲಿ ದುಡ್ಡು ಉಳಿಸಬೇಡಿ.

ಹೊಸದು ಬಂದಾಗ ನಾನು ಮಾಡುವ ಪರೀಕ್ಷೆ ಒಂದೇ ನಿಮಿಷದ್ದು. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡುತ್ತೇನೆ. ಕೆಂಪು ಕಡ್ಡಿ ಪಿನ್ನಿನ ತೂತಿನೊಳಗೆ, ಕಪ್ಪು ಕಡ್ಡಿ ಹೊರಸುತ್ತಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಮೀಟರ್ ಮೈನಸ್ 9 ತೋರಿಸಿದರೆ ಸೆಂಟರ್ ನೆಗೆಟಿವ್, ಫ್ಯಾಮಿಕಾಮ್‌ಗೆ ಆಗುತ್ತದೆ. ಬರಿ 9 ಬಂದರೆ ಉಲ್ಟಾ. ಸೊನ್ನೆಯ ಆಸುಪಾಸಿನಲ್ಲೇ ಇದ್ದರೆ ಒಂದೋ ಅಡಾಪ್ಟರ್ ಸತ್ತಿದೆ, ಇಲ್ಲವೇ ಅದು ಎಸಿ. ಮೀಟರನ್ನು ಎಸಿಗೆ ತಿರುಗಿಸಿದರೆ ಗೊತ್ತಾಗುತ್ತದೆ.

ಫ್ಯಾಮಿಕಾಮ್, ಸೂಪರ್ ಫ್ಯಾಮಿಕಾಮ್, ಮೊದಲ ಮೆಗಾ ಡ್ರೈವ್ ಮೂರಕ್ಕೂ ಈಗ ಇದೇ ಜಾತಿಯ ಅಡಾಪ್ಟರ್. ಒಂದೊಂದಕ್ಕೂ ಒಂದೊಂದು, ಪಿನ್ನಿನ ಪಕ್ಕದಲ್ಲೇ ಕನ್ಸೋಲಿನ ಹೆಸರು ಬರೆದ ಪಟ್ಟಿ ಸುತ್ತಿದ್ದೇನೆ. ನಿಂಟೆಂಡೊ 64 ಮತ್ತು ಗೇಮ್‌ಕ್ಯೂಬ್ ತರಿಸುವವರಿಗೆ ಇಷ್ಟೆಲ್ಲ ಕಷ್ಟ ಇಲ್ಲ. ಅವುಗಳ ವಿದ್ಯುತ್ ಇಟ್ಟಿಗೆ ಬೇರೆಯಾಗಿ ಬರುತ್ತದೆ, ಕನ್ಸೋಲಿಗೆ ಕೊಡುವ ವೋಲ್ಟೇಜ್ ಎಲ್ಲ ದೇಶದಲ್ಲೂ ಒಂದೇ. ನಿಮ್ಮಲ್ಲಿನ ವೋಲ್ಟೇಜಿಗೆ ಮಾಡಿದ ಇಟ್ಟಿಗೆ ಹಾಕಿದರಾಯಿತು.

ಸ್ಟೆಪ್‌ಡೌನ್ ಪೆಟ್ಟಿಗೆಯನ್ನು ಎತ್ತಿಟ್ಟಿಲ್ಲ. ಸ್ಯಾಟರ್ನ್, ಮೊದಲ ಪ್ಲೇಸ್ಟೇಷನ್, ಡ್ರೀಮ್‌ಕಾಸ್ಟ್‌ಗಳಲ್ಲಿ ಪವರ್ ಸಪ್ಲೈ ಕನ್ಸೋಲಿನ ಒಳಗೇ ಇದೆ. ಗೋಡೆಯ ವೈರ್ ನೇರವಾಗಿ ಅದರೊಳಕ್ಕೆ ಹೋಗುತ್ತದೆ, ಜಪಾನಿನದ್ದಾದರೆ 100 ವೋಲ್ಟೇ ಬೇಕು. ನನ್ನ ಸ್ಯಾಟರ್ನ್ ಆ ಭಾರದ ಪೆಟ್ಟಿಗೆಯ ಮೇಲೆಯೇ ಓಡುತ್ತಿದೆ. ಅದರ ವೈರಿಗೆ ಮಾತ್ರ ಕೆಂಪು ಪಟ್ಟಿ ಸುತ್ತಿದ್ದೇನೆ, ಯಾರೂ ಮರೆತು ಗೋಡೆಗೆ ಚುಚ್ಚದಿರಲಿ ಅಂತ.