ಒಂದು ದಿನದ ಲೀಡರ್‌ಶಿಪ್ ಕ್ಲಾಸು: 3,500 ರೂಪಾಯಿಗೆ ಸಿಕ್ಕಿದ್ದೇನು?

ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ನಾನು ಕ್ಯಾಪ್ಟನ್. ಮುಂಬೈ ಹೋಟೆಲು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಆರ್ಡರ್ ಬರೆದುಕೊಳ್ಳುವವನು ಕ್ಯಾಪ್ಟನ್, ತಂದಿಡುವವನು ವೇಟರ್, ತಡವಾದರೆ ಬೈಸಿಕೊಳ್ಳುವವನು ಮತ್ತೆ ಕ್ಯಾಪ್ಟನ್. ಕಳೆದ ತಿಂಗಳು ನಮ್ಮ ಧಣಿಗಳು ದುಡ್ಡು ಕಟ್ಟಿ ನನ್ನನ್ನು ಅಂಧೇರಿಯ ಈ ಕ್ಲಾಸಿಗೆ ಕಳಿಸಿದರು. ದಾದರಿನಲ್ಲಿ ಗಾಡಿ ಬದಲಿಸಿ ಒಂಬತ್ತಕ್ಕೇ ಹೋಗಿ ಕೂತೆ. ಶುರುವಾದದ್ದು ಹತ್ತೂಕಾಲಿಗೆ.

ಬೆಳಗಿನ ಹೊತ್ತು ಪೂರಾ ದಂಡ. ಸ್ಟ್ರಾ ಅಂಟಿಸಿ ಗೋಪುರ ಕಟ್ಟಿ ಅಂದರು, ಕಟ್ಟಿದೆವು. ಶನಿವಾರ ರಾತ್ರಿ ಹೊರಗೆ ಮೂವತ್ತು ಜನ ಕ್ಯೂ ನಿಂತಾಗ ಇಬ್ಬರು ವೇಟರ್ ರಜೆ ಹಾಕಿದರೆ ಏನು ಮಾಡಬೇಕು ಅಂತ ಕೇಳಿದೆ. 'ಕಮ್ಯುನಿಕೇಶನ್' ಅಂದರು. ಸರಿ, ಆಯ್ತು. ಮಧ್ಯಾಹ್ನದ ಪನೀರ್ ಆರಿ ತಣ್ಣಗಾಗಿತ್ತು. ಹೋಟೆಲಿನವನಿಗೆ ಆರಿದ ಊಟ ಹಾಕುವುದಾ?

ಆದರೆ ಊಟದ ಮೇಲೆ ಬಂದ ಮೇಡಂ ಅರ್ಧ ಗಂಟೆಯಲ್ಲಿ ಮರ್ಯಾದೆ ಉಳಿಸಿದರು. ಬೋರ್ಡಿನ ಮೇಲೆ 'ಕ್ಯಾಪ್ಟನ್' ಅಂತ ಬರೆದು, ಇದು ಎಲ್ಲಿಂದ ಬಂತು ಅಂತ ಕೇಳಿದರು. ಹಡಗು, ಕ್ರಿಕೆಟ್ ಅಂತ ಎಲ್ಲರೂ ಕೂಗಿದರು. ಅಲ್ಲವಂತೆ. ಲ್ಯಾಟಿನ್‌ನಲ್ಲಿ 'ಕಪುಟ್' ಅಂದರೆ ತಲೆ. ಅದು ಫ್ರೆಂಚ್ ಸುತ್ತಿಕೊಂಡು 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆಗ ಅರ್ಥ ಬರೀ ಮುಂದಾಳು. ಕ್ರಿಕೆಟ್ ಎಲ್ಲ ಎಷ್ಟೋ ಆಮೇಲಿನದು. 'ಚೀಫ್', 'ಶೆಫ್', ಕೊನೆಗೆ ಬಂಡವಾಳ ಅನ್ನುವ 'ಕ್ಯಾಪಿಟಲ್' ಕೂಡ ಅದೇ ತಲೆಯ ಸಂತಾನ. ಶೆಫ್ ಅಂದರೆ ಅಡುಗೆಮನೆಯ ತಲೆ. ಅಂದರೆ ದಿನಾ ದೋಸೆ ತಡ ಅಂತ ಜಗಳಾಡುವ ನಾನೂ ನಮ್ಮ ಭಟ್ಟರೂ ಒಂದೇ ಮನೆಯವರು!

'ಮ್ಯಾನೇಜರ್'ನ ಬೇರು ತಲೆಯಲ್ಲ, ಕೈ. ಲ್ಯಾಟಿನ್‌ನ 'ಮಾನುಸ್' ಅಂದರೆ ಕೈ. ಅದರಿಂದ ಇಟಲಿಯವರು ಕುದುರೆ ಪಳಗಿಸುವುದಕ್ಕೆ ಒಂದು ಮಾತು ಮಾಡಿಕೊಂಡರು, ಇಂಗ್ಲಿಷಿನ 'ಮ್ಯಾನೇಜ್' ಅಲ್ಲಿಂದ ಹುಟ್ಟಿತು. ಗಲ್ಲಾದಲ್ಲಿ ಕೂತು ನೋಟು ಎಣಿಸುವ ನಮ್ಮ ಮ್ಯಾನೇಜರಿಗೆ ಕೈ ಸರಿಯಾಗೇ ಒಪ್ಪುತ್ತದೆ, ಕುದುರೆ ಯಾರು ಅಂತ ಮಾತ್ರ ನಾನು ಕೇಳಲಿಲ್ಲ. 'ಬಾಸ್' ಅನ್ನುವುದು ಡಚ್ಚರ 'ಬಾಸ್', ಯಜಮಾನ ಅಂತ ಅರ್ಥ. 'ಬಾಸ್, ಜರಾ ಪಾನಿ' ಅನ್ನುವ ಗಿರಾಕಿಗೆ ಇದು ಗೊತ್ತಿದೆಯೋ ಇಲ್ಲವೋ.

ಆ ಅರ್ಧ ಗಂಟೆಗೆ ಐದಕ್ಕೆ ಐದು. ಇಡೀ ದಿನಕ್ಕೆ ಎರಡು, ಜಾಸ್ತಿ ಕೊಡಲಾರೆ. ಸ್ವಂತ ದುಡ್ಡಾದರೆ ಹೋಗಬೇಡಿ. ಧಣಿ ಕಳಿಸಿದರೆ ಊಟ ಕಟ್ಟಿಕೊಂಡು ಹೋಗಿ, ಸ್ವೆಟರ್ ಮರೆಯಬೇಡಿ, ಎಸಿ ವಿಪರೀತ.

ರಾತ್ರಿ ಬಂದು ಭಟ್ಟರಿಗೆ ಎಲ್ಲ ಹೇಳಿದೆ. ಕಾವಲಿಗೆ ನೀರು ಚಿಮುಕಿಸುತ್ತಾ ಕೇಳಿಸಿಕೊಂಡರು. 'ಎರಡು ತಲೆ ಒಂದೇ ಅಡುಗೆಮನೆಯಲ್ಲಿ ಬೇಡ ಮಾರಾಯ, ನೀನು ಹೊರಗೆ ನಡಿ' ಅಂದರು. ಏಳನೇ ಟೇಬಲ್ಲಿನ ಮಸಾಲೆ ದೋಸೆ ಅವತ್ತೂ ತಡವೇ.