‘ಲೈಫ್‌ಟೈಮ್’ ಎಂದವರೇ ಈಗ ‘ಅವಧಿ ಮುಗಿದಿದೆ’ ಎನ್ನುತ್ತಾರೆ: ಸ್ತನದ ಇಂಪ್ಲಾಂಟ್ ಇರುವವರು ದಯವಿಟ್ಟು ಓದಿ

ನನ್ನ ಹೆಸರು ಹಾಕುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಉಡುಪಿ ಸಣ್ಣ ಊರು. ರಥಬೀದಿಯಲ್ಲಿ ಕೆಮ್ಮಿದರೆ ಸಂತೆಕಟ್ಟೆಯಲ್ಲಿ ಕಷಾಯ ಕುದಿಯುತ್ತದೆ. ಕ್ಲಿನಿಕ್ಕಿನ ಹೆಸರನ್ನೂ ಹಾಕುತ್ತಿಲ್ಲ, ಸದ್ಯಕ್ಕೆ ಬೇಡ ಎಂದು ವಕೀಲರು ಹೇಳಿದ್ದಾರೆ. ಮಂಗಳೂರಿನಲ್ಲಿದೆ, ಗಾಜಿನ ಬಾಗಿಲಿದೆ, ಒಳಗೆ ಹೋದ ಕೂಡಲೇ ನೀರಿನ ಬದಲು ಗ್ರೀನ್ ಟೀ ಕೊಡುತ್ತಾರೆ. ಅಷ್ಟು ಸಾಕು.

ನಲವತ್ತು ಸಾವಿರ ರೂಪಾಯಿ ಹೋಯಿತು. ಮೂರು ವಾರದ ನಿದ್ದೆ ಹೋಯಿತು. ದುಡ್ಡಿಗಿಂತ ಹೆಚ್ಚು ಉರಿಯುವುದು ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

2011ರ ಡಿಸೆಂಬರಿನಲ್ಲಿ ನನ್ನ ಎಡ ಸ್ತನಕ್ಕೆ ಸಿಲಿಕೋನ್ ಇಂಪ್ಲಾಂಟ್, ಅಂದರೆ ಗಾತ್ರ ಹೆಚ್ಚಿಸಲು ಒಳಗಿಡುವ ಸಿಲಿಕೋನ್ ಚೀಲ ಹಾಕಿದರು. ಎಡಕ್ಕೆ ಮಾತ್ರ. ಹದಿಹರೆಯದಿಂದಲೇ ಎರಡೂ ಬದಿಗೆ ಎದ್ದು ಕಾಣುವಷ್ಟು ವ್ಯತ್ಯಾಸವಿತ್ತು. ರವಿಕೆ ಹೊಲಿಯುವ ಅಕ್ಕ ಒಂದು ಬದಿಗೆ ಹತ್ತಿ ಇಟ್ಟು ಹೊಲಿದುಕೊಡುತ್ತಿದ್ದರು; ಮದುವೆಯಾಗುವವರೆಗೂ ಅಮ್ಮನನ್ನು ಬಿಟ್ಟರೆ ಅವರೊಬ್ಬರಿಗೇ ಗೊತ್ತಿತ್ತು. ಯಾಕೆ ಮಾಡಿಸಿಕೊಂಡೆ, ಯಾರಿಗಾಗಿ ಎಂದು ಕೇಳುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಗಂಡನಿಗೆ ಗೊತ್ತು. ಅತ್ತೆಗೆ ಗಂಟು ತೆಗೆಸಿದ್ದು ಎಂದು ಹೇಳಿದ್ದೇವೆ. ಅದು ಮರುಕಳಿಸದಿರಲಿ ಎಂದು ಅವರು ಈಗಲೂ ವರ್ಷಕ್ಕೊಮ್ಮೆ ಹೂವಿನ ಪೂಜೆ ಮಾಡಿಸುತ್ತಾರೆ.

ಆಗ ಅದೇ ಕ್ಲಿನಿಕ್ ಎರಡು ಕೋಣೆಯ ಜಾಗದಲ್ಲಿತ್ತು. ಶಸ್ತ್ರಚಿಕಿತ್ಸಕರು ಶನಿವಾರಗಳಂದು ಬೆಂಗಳೂರಿನಿಂದ ಬರುತ್ತಿದ್ದರು, ಆಪರೇಷನ್ ಥಿಯೇಟರ್ ಮಾತ್ರ ಪಕ್ಕದ ನರ್ಸಿಂಗ್ ಹೋಮಿನದು. ಒಟ್ಟು 85,000 ರೂಪಾಯಿ. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಇದು ಎಷ್ಟು ವರ್ಷ ಬರುತ್ತದೆ?’ ಕೌನ್ಸೆಲರ್ ನಗುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಲೈಫ್‌ಟೈಮ್, ಮೇಡಂ. ಒಮ್ಮೆ ಹಾಕಿದರೆ ಮರೆತುಬಿಡಿ. ಗ್ಯಾರಂಟಿ ಇದೆ.’ ಮರೆತುಬಿಟ್ಟೆ. ಕಾಗದ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ. ನಾನು ಕೆಲಸ ಮಾಡುವುದು ಸಹಕಾರಿ ಸಂಘದ ಸಾಲ ವಿಭಾಗದಲ್ಲಿ. ಎದುರು ಕುಳಿತವರಿಗೆಲ್ಲ ‘ಓದಿ ಸಹಿ ಮಾಡಿ’ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವವಳು. ನಗಬೇಡಿ.

ಕಳೆದ ಮೇ ತಿಂಗಳಲ್ಲಿ, ಅಂದರೆ 2024ರಲ್ಲಿ, ಅದೇ ಕ್ಲಿನಿಕ್ಕಿನಿಂದ ವಾಟ್ಸ್ಆ್ಯಪ್ ಸಂದೇಶ ಬಂತು. ‘ನಿಮ್ಮ ಇಂಪ್ಲಾಂಟ್ ಹನ್ನೆರಡು ವರ್ಷ ಪೂರೈಸಿದೆ. ಹತ್ತು ವರ್ಷದ ಅವಧಿ ಮೀರಿದವರಿಗೆ ಉಚಿತ ಸಮಾಲೋಚನೆ.’ ಎದೆ ಧಸಕ್ಕೆಂದಿತು. ಒಂದೆರಡು ತಿಂಗಳಿಂದ ಎಡಮಗ್ಗುಲಿಗೆ ಮಲಗಿದರೆ ಸ್ವಲ್ಪ ಗಟ್ಟಿ ಅನ್ನಿಸುತ್ತಿತ್ತು ಬೇರೆ. ಶನಿವಾರ ರಜೆ ಹಾಕಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ಮೂಲ್ಕಿ ದಾಟುವಷ್ಟರಲ್ಲಿ ಮನಸ್ಸಿನಲ್ಲಿ ಮೂರು ಸಲ ಸತ್ತಿದ್ದೆ.

ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಯಾರಿಗಾದರೂ ಇದೇ ಮಾತುಗಳು ಇದೇ ಕ್ರಮದಲ್ಲಿ ಕೇಳಿಸಬಹುದು.

ಕೌನ್ಸೆಲರ್ ಹೊಸ ಹುಡುಗಿ, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳು. ನಲವತ್ತು ನಿಮಿಷ ಮಾತನಾಡಿದಳು. ‘ಮೇಡಂ, ನಿಮ್ಮ ಸ್ಕೂಟರಿನ ಟಯರನ್ನು ಹನ್ನೆರಡು ವರ್ಷ ಓಡಿಸುತ್ತೀರಾ?’ ಎಂದಳು. ‘ಅವಧಿ ಮುಗಿದ ಮಾತ್ರೆ ತಿನ್ನುತ್ತೀರಾ?’ ಎಂದಳು. ‘ಒಳಗೇ ಒಡೆದಿದ್ದರೆ ನಿಮಗೆ ಗೊತ್ತಾಗುವುದೇ ಇಲ್ಲ. ಈಗ ಕ್ಯಾನ್ಸರ್ ಕೂಡ ಬರುತ್ತದೆ ಎನ್ನುತ್ತಿದ್ದಾರೆ’ ಎಂದಳು. ಕ್ಯಾನ್ಸರ್ ಎಂಬ ಪದ ಬಂದಾಗ ದನಿ ತಗ್ಗಿಸಿದಳು, ಸಾವಿನ ಮನೆಯಲ್ಲಿ ತಗ್ಗಿಸುವ ಹಾಗೆ. ಬದಲಾಯಿಸಲು 2,10,000 ರೂಪಾಯಿ, ತಿಂಗಳ ಕೊನೆಯ ನಂತರ 2,60,000. ‘ಹೇಗೂ ಥಿಯೇಟರಿಗೆ ಹೋಗುತ್ತೀರಿ, ಬಲಕ್ಕೂ ಒಂದು ಚಿಕ್ಕದು ಹಾಕಿಸಿಬಿಡಿ’ ಎಂಬ ಸಲಹೆ ಬೇರೆ. ಏನೂ ಆಗದ ಬಲಭಾಗಕ್ಕೆ!

ನಾನು ಕೇಳಿದೆ, ‘ಅಲ್ಲಮ್ಮ, ಆಗ ಲೈಫ್‌ಟೈಮ್ ಎಂದಿದ್ದರಲ್ಲ?’

ಅವಳು ಒಂದು ಕ್ಷಣವೂ ತಡವರಿಸದೆ ಹೇಳಿದಳು: ‘ಹೌದು ಮೇಡಂ. ಲೈಫ್‌ಟೈಮ್ ಎಂದರೆ ಪ್ರಾಡಕ್ಟಿನ ಲೈಫ್‌ಟೈಮ್. ನಿಮ್ಮದಲ್ಲ.’

ಹೇಳಿ ನಕ್ಕಳು. ನಾನೂ ನಕ್ಕೆ. ಇದನ್ನು ಬರೆಯುವಾಗ ಕೈ ನಡುಗುತ್ತಿದೆ, ಆದರೆ ಆ ಕ್ಷಣ ನಾನೂ ನಕ್ಕೆ, ಹಲ್ಲು ಕಾಣುವ ಹಾಗೆ. ನಗದಿದ್ದರೆ ಹಳ್ಳಿಯವಳು ಎಂದುಕೊಂಡಾಳು ಎಂಬ ಭಯ. ಆಮೇಲೆ ಡಾಕ್ಟರು ಬಂದರು. ನಾಲ್ಕು ನಿಮಿಷ. ಮುಟ್ಟಿ ನೋಡಲಿಲ್ಲ, ಗಟ್ಟಿಯಾಗಿರುವುದು ಎಲ್ಲಿ ಎಂದು ಕೇಳಲಿಲ್ಲ, ಸ್ಕ್ಯಾನಿಗೆ ಬರೆಯಲಿಲ್ಲ. ‘ಟೈಮ್ ಆಗಿದೆ, ತೆಗೆಸಿ ಹೊಸದು ಹಾಕಿಸಿಕೊಳ್ಳಿ’ ಎಂದು ಹೋದರು. ನಾನು ಅಲ್ಲೇ ಕುಳಿತು ಮೊಬೈಲಿನಿಂದ ನಲವತ್ತು ಸಾವಿರ ಅಡ್ವಾನ್ಸ್ ಕಳಿಸಿದೆ. ಗ್ರೀನ್ ಟೀ ತಣ್ಣಗಾಗಿತ್ತು, ಅದನ್ನೂ ಕುಡಿದೆ.

ಕಣ್ಣು ತೆರೆಸಿದವಳು ನನ್ನ ಶಾಲೆಯ ಗೆಳತಿ. ಮಣಿಪಾಲದಲ್ಲಿ ನರ್ಸ್. ಅವಳಿಗೂ ಇಷ್ಟು ವರ್ಷ ಹೇಳಿರಲಿಲ್ಲ. ಆ ರಾತ್ರಿ ಫೋನ್ ಮಾಡಿ ಅತ್ತುಬಿಟ್ಟೆ. ಅವಳು ಪೂರ್ತಿ ಕೇಳಿ ಒಂದೇ ಮಾತು ಕೇಳಿದಳು: ‘ಸ್ಕ್ಯಾನ್ ಎಲ್ಲಿ ಮಾರಾಯ್ತಿ?’ ಇಲ್ಲ ಎಂದೆ. ‘ಸ್ಕ್ಯಾನ್ ಮಾಡದೆ ಅವರಿಗೆ ಒಳಗಿನದ್ದು ಹೇಗೆ ಗೊತ್ತಾಯಿತು? ಕವಡೆ ಹಾಕಿದರೋ?’

ಎಂಆರ್‌ಐ ಮಾಡಿಸಿದೆ. ಸ್ತನದ ಎಂಆರ್‌ಐಗೆ ಬೋರಲು ಮಲಗಬೇಕು. ಒಡೆದಿದೆಯೇ ಎಂದು ನೋಡುವುದಕ್ಕೆ ಮಾತ್ರವಾದರೆ ಚಿತ್ರ ಸ್ಪಷ್ಟವಾಗಲು ಕೊಡುವ ಚುಚ್ಚುಮದ್ದೂ ಬೇಕಿಲ್ಲ. ರೇಡಿಯಾಲಜಿಯ ವೈದ್ಯೆ ನನ್ನನ್ನು ಪರದೆಯ ಮುಂದೆ ಕೂರಿಸಿ ತೋರಿಸಿದರು. ಸಿಲಿಕೋನ್ ಚೀಲ ಒಡೆದು ಒಳಗೆ ಕುಸಿದರೆ ಅದರ ಹೊದಿಕೆ ಮಡಿಕೆಮಡಿಕೆಯಾಗಿ ತೇಲುತ್ತದಂತೆ, ನೋಡಲು ಶ್ಯಾವಿಗೆಯ ಎಳೆಗಳ ಹಾಗೆ. ‘ನಿಮ್ಮದರಲ್ಲಿ ಶ್ಯಾವಿಗೆ ಇಲ್ಲ’ ಎಂದರು. ಚೀಲ ಸರಿಯಾಗಿದೆ. ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ತನ್ನದೇ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಆ ಪೊರೆ ಸ್ವಲ್ಪ ಬಿಗಿದಿದೆ. ನನಗೆ ಗಟ್ಟಿ ಅನ್ನಿಸಿದ್ದು ಅದೇ. ಇದಕ್ಕೆ ನಾಲ್ಕು ದರ್ಜೆಗಳಿವೆ. ಆಮೇಲೆ ನನ್ನನ್ನು ಪರೀಕ್ಷಿಸಿದ ಬೇರೊಬ್ಬ ಶಸ್ತ್ರಚಿಕಿತ್ಸಕರ ಪ್ರಕಾರ ನನ್ನದು ಎರಡನೆಯದು. ಮೂರರಲ್ಲಿ ಆಕಾರ ಕೆಡುತ್ತದೆ, ನಾಲ್ಕರಲ್ಲಿ ನೋವೂ ಸೇರುತ್ತದೆ, ಆಗ ತೆಗೆಸುವ ಮಾತು. ‘ಈಗ ಏನೂ ಮಾಡಬೇಡಿ. ಎರಡು ಮೂರು ವರ್ಷ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ’ ಎಂದರು.

ಏನೂ ಮಾಡಬೇಡಿ! ಎರಡು ಲಕ್ಷ ಹತ್ತು ಸಾವಿರ ಕೊಟ್ಟು ಬೇಕೇ ಇಲ್ಲದ ಶಸ್ತ್ರಚಿಕಿತ್ಸೆಗೆ ಮಲಗಲು ಹೊರಟಿದ್ದೆ.

ಆಮೇಲೆ ಕುಳಿತು ಓದಿದೆ. ಸಾಲದ ಕಡತ ಓದುವ ಹಾಗೆ, ಹನ್ನೆರಡು ವರ್ಷ ತಡವಾಗಿ. ಇಂಪ್ಲಾಂಟ್ ಜೀವನಪರ್ಯಂತ ಬರುವ ವಸ್ತುವಲ್ಲ, ವರ್ಷ ಕಳೆದಂತೆ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ ಎಂದು ಅಮೆರಿಕದ ಎಫ್‌ಡಿಎ (ಅಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಸ್ಪಷ್ಟವಾಗಿಯೇ ಹೇಳಿದೆ. 2011ರ ಅದರ ವರದಿಯಲ್ಲಿ, ಸೌಂದರ್ಯಕ್ಕಾಗಿ ಹಾಕಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರು, ಕ್ಯಾನ್ಸರಿನ ನಂತರ ಹಾಕಿಸಿಕೊಂಡವರಲ್ಲಿ ಇಬ್ಬರಲ್ಲಿ ಒಬ್ಬರವರೆಗೂ ಹತ್ತು ವರ್ಷದೊಳಗೆ ತೆಗೆಸಬೇಕಾಗಬಹುದು ಎಂದಿದೆ. 2011! ನನಗೆ ‘ಮರೆತುಬಿಡಿ’ ಎಂದ ವರ್ಷ. ಹಾಗೆಂದು ಹತ್ತು ವರ್ಷವಾದ ಕೂಡಲೇ ಹಾಲಿನ ಪ್ಯಾಕೆಟ್ಟಿನ ಹಾಗೆ ಹಾಳಾಗುವುದೂ ಇಲ್ಲ. ಒಡೆಯದೆ, ಗಟ್ಟಿಯಾಗದೆ, ಆಕಾರ ಕೆಡದೆ ಇದ್ದರೆ ಕ್ಯಾಲೆಂಡರ್ ನೋಡಿ ಬದಲಾಯಿಸಬೇಕೆಂಬ ನಿಯಮವಿಲ್ಲ. ಸಿಲಿಕೋನಿನ ಬದಲು ಉಪ್ಪುನೀರು ತುಂಬಿದ ಇಂಪ್ಲಾಂಟ್ ಆದರೆ ಸೋರಿದಾಗ ಕುಗ್ಗಿ ತಾನಾಗಿಯೇ ತಿಳಿಯುತ್ತದೆ. ಸಿಲಿಕೋನ್ ಸದ್ದಿಲ್ಲದೆ ಒಡೆಯಬಹುದು. ಆ ಹುಡುಗಿ ಹೇಳಿದ ಆ ಮಾತು ನಿಜ. ಅದಕ್ಕೇ ಸ್ಕ್ಯಾನ್ ಇರುವುದು: ಹಾಕಿಸಿಕೊಂಡು ಐದಾರು ವರ್ಷಕ್ಕೆ ಮೊದಲನೆಯದು, ಆಮೇಲೆ ಎರಡು ಮೂರು ವರ್ಷಕ್ಕೊಂದು, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ನನಗೆ ಇದನ್ನು ಯಾರೂ ಹೇಳಲಿಲ್ಲ. ಹನ್ನೆರಡೂವರೆ ವರ್ಷ ಒಂದೂ ಸ್ಕ್ಯಾನ್ ಇಲ್ಲ.

ಇನ್ನು ಗ್ಯಾರಂಟಿ. ಇಂಪ್ಲಾಂಟ್ ತಯಾರಿಸುವ ಕಂಪನಿಗಳ ‘ಲೈಫ್‌ಟೈಮ್’ ಎಂದರೆ ಸಾಮಾನ್ಯವಾಗಿ ಇಷ್ಟೇ: ಚೀಲ ಒಡೆದರೆ ಹೊಸ ಚೀಲ ಕೊಡುತ್ತಾರೆ. ಶಸ್ತ್ರಚಿಕಿತ್ಸೆಯ ಖರ್ಚಿಗೆ ಸಹಾಯವಿದ್ದರೂ ಅದು ಕೆಲವು ವರ್ಷಗಳ ಮಟ್ಟಿಗೆ. ಉಳಿದಂತೆ ಥಿಯೇಟರ್, ಅರಿವಳಿಕೆ, ಡಾಕ್ಟರ ಶುಲ್ಕ ಎಲ್ಲ ನಮ್ಮ ತಲೆಗೆ. ಟಯರ್ ಪುಕ್ಕಟೆ, ಬಸ್ಸು ನೀವೇ ಎತ್ತಿಕೊಳ್ಳಿ ಎಂದ ಹಾಗೆ. ಅದನ್ನು ಕೇಳಬೇಕಾದರೂ ಇಂಪ್ಲಾಂಟಿನ ಕಾರ್ಡ್ ಬೇಕು, ಅದರ ಮೇಲೆ ಕಂಪನಿ, ಗಾತ್ರ, ಸೀರಿಯಲ್ ನಂಬರ್ ಇರುತ್ತದೆ.

ನನ್ನ ಹತ್ತಿರ ಕಾರ್ಡ್ ಇಲ್ಲ. ಯಾರೂ ಕೊಟ್ಟಿಲ್ಲ.

ಅಡ್ವಾನ್ಸ್ ವಾಪಸು ಕೊಡಿ, ಕಾರ್ಡ್ ಕೊಡಿ ಎಂದು ಫೋನ್ ಮಾಡಿದೆ. ಮೊದಲ ಸಲ: ‘ಅಕೌಂಟ್ಸಿನವರು ಊಟಕ್ಕೆ ಹೋಗಿದ್ದಾರೆ.’ ಎರಡನೆಯ ಸಲ: ‘ಮ್ಯಾನೇಜರ್ ಬೆಂಗಳೂರಿಗೆ ಹೋಗಿದ್ದಾರೆ.’ ಮೂರನೆಯ ಸಲ ಫೋನೇ ಎತ್ತಲಿಲ್ಲ, ವಾಟ್ಸ್ಆ್ಯಪಿನಲ್ಲಿ ಉತ್ತರ ಬಂತು: ‘ಅಡ್ವಾನ್ಸ್ ಮರಳಿಸಲಾಗುವುದಿಲ್ಲ. ಬದಲಾಗಿ ಅದೇ ಮೊತ್ತಕ್ಕೆ ಲೇಸರ್ ಪ್ಯಾಕೇಜ್ ಪಡೆಯಬಹುದು. ಕುಟುಂಬದ ಸದಸ್ಯರೂ ಬಳಸಬಹುದು.’ ಕೊನೆಗೆ ಕೈಮುಗಿದ ಚಿತ್ರ. ಕುಟುಂಬದ ಸದಸ್ಯರು! ನನ್ನ ಅತ್ತೆಗೆ ಎಪ್ಪತ್ತೆಂಟು.

ಕಾರ್ಡಿನ ಬಗ್ಗೆ: ‘ಆಗಲೇ ಕೊಟ್ಟಿದ್ದೇವೆ, ನೀವು ಕಳೆದುಕೊಂಡಿರಬೇಕು.’ ಹಾಗಾದರೆ ನಿಮ್ಮ ಪ್ರತಿ ನೋಡಿ ಹೇಳಿ ಎಂದೆ. ‘ಮೂರು ವರ್ಷದ ನಂತರ ದಾಖಲೆ ಇಟ್ಟುಕೊಳ್ಳಬೇಕೆಂದಿಲ್ಲ ಮೇಡಂ.’

ಇಲ್ಲೇ ನನಗೆ ಉರಿಯುವುದು. ಮೂರು ವರ್ಷದ ಮಾತು ಸುಳ್ಳಲ್ಲ, ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬುದೂ ಅದರಲ್ಲೇ ಇದೆ, ಆಗ ನಾನು ಕೇಳಲಿಲ್ಲ, ನನ್ನ ತಪ್ಪು. ಆದರೆ ನನ್ನ ಫೋನ್ ನಂಬರ್ ಅವರಲ್ಲಿತ್ತು. ಹನ್ನೆರಡು ವರ್ಷ ಪೂರೈಸಿದೆ ಎಂಬ ಲೆಕ್ಕವೂ ಇತ್ತು. ನನ್ನಿಂದ ದುಡ್ಡು ಕೀಳಲು ಬೇಕಾದ ನಂಬರನ್ನು ಜೋಪಾನವಾಗಿ ಇಟ್ಟುಕೊಂಡವರು ನನ್ನ ಎದೆಯೊಳಗಿರುವುದರ ನಂಬರನ್ನು ಎಸೆದಿದ್ದಾರೆ.

ಆ ನಂಬರ್ ಯಾಕೆ ಬೇಕು ಗೊತ್ತೇ? ಹೊರಮೈ ನುಣುಪಾಗಿರುವ ಇಂಪ್ಲಾಂಟ್ ಇದೆ, ಒರಟಾಗಿರುವುದೂ ಇದೆ. ಒರಟಾದವುಗಳ ಸುತ್ತ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ (ರೋಗನಿರೋಧಕ ಕಣಗಳ ಕ್ಯಾನ್ಸರ್) ಕಾಣಿಸಿಕೊಂಡದ್ದರಿಂದ 2019ರ ಜುಲೈಯಲ್ಲಿ ಅಂಥ ಒಂದು ಮಾದರಿಯನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಆಗಲೂ, ಲಕ್ಷಣವಿಲ್ಲದವರು ಹೆದರಿ ತೆಗೆಸಬೇಕಿಲ್ಲ ಎಂದೇ ಎಫ್‌ಡಿಎ ಹೇಳಿದ್ದು. ವರ್ಷಗಳ ನಂತರ ಒಂದು ಬದಿ ನೀರು ತುಂಬಿ ಊದಿಕೊಂಡರೆ ತಕ್ಷಣ ತೋರಿಸಿ ಎಂದದ್ದು. ಆ ಹುಡುಗಿ ದನಿ ತಗ್ಗಿಸಿ ಹೇಳಿದ ಕ್ಯಾನ್ಸರ್ ಇದು. ನನ್ನದು ನುಣುಪೋ ಒರಟೋ? ನನಗೆ ಗೊತ್ತಿಲ್ಲ. ಹೇಳಬೇಕಾದವರು ಲೇಸರ್ ಪ್ಯಾಕೇಜ್ ಕೊಡುತ್ತಿದ್ದಾರೆ.

ಆದ್ದರಿಂದ ಇಂದೇ ಕಪಾಟು ತೆಗೆದು ನಿಮ್ಮ ಕಾರ್ಡ್ ಹುಡುಕಿ, ಫೋಟೋ ತೆಗೆದು ನಂಬಿದವರೊಬ್ಬರಿಗೆ ಕಳಿಸಿಡಿ. ಸ್ಕ್ಯಾನ್ ಮಾಡಿಸಿ, ಆದರೆ ಇಂಪ್ಲಾಂಟ್ ಮಾರುವವರಲ್ಲಿ ಮಾಡಿಸಬೇಡಿ. ಮ್ಯಾಮೋಗ್ರಾಮಿಗೆ (ಸ್ತನದ ಎಕ್ಸ್‌ರೇಗೆ) ಹೋದರೆ ನಾಚಿಕೆ ಬಿಟ್ಟು ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳಿ, ಅವರು ಬೇರೆ ಕೋನದಿಂದ ಹೆಚ್ಚು ಚಿತ್ರ ತೆಗೆಯಬೇಕಾಗುತ್ತದೆ. ತೆಗೆಸಿ ಹೊಸದು ಹಾಕಿಸದೆ ಹಾಗೆಯೇ ಬಿಡುವ ದಾರಿಯೂ ಇದೆ, ಮಾರುವವರು ಅದನ್ನು ಹೇಳುವುದಿಲ್ಲ. ಬಂದ ದಿನವೇ ಅಡ್ವಾನ್ಸ್ ಕೇಳಿದರೆ ಎದ್ದು ಬನ್ನಿ. ಗ್ರೀನ್ ಟೀ ಕುಡಿಯಬೇಡಿ. ದುಡ್ಡು ಹೋಗಿದ್ದರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ನಾನು ಹೋಗುತ್ತೇನೆ, ಅತ್ತೆಗೆ ಏನು ಹೇಳುವುದು ಎಂದು ಇನ್ನೂ ತೀರ್ಮಾನಿಸಿಲ್ಲ.

ಗೆಳತಿ ಇನ್ನೊಂದು ಹೇಳಿದಳು: ಥಿಯೇಟರಿನಲ್ಲಿ ಇಂಪ್ಲಾಂಟಿನ ಪೆಟ್ಟಿಗೆಯಿಂದ ನಂಬರ್ ಇರುವ ಸ್ಟಿಕ್ಕರ್ ಕಿತ್ತು ಕೇಸ್ ಶೀಟಿಗೆ ಅಂಟಿಸುವ ರೂಢಿ ಇದೆ. ಕಳೆದ ತಿಂಗಳು ಸುರಿಯುವ ಮಳೆಯಲ್ಲಿ ಆ ಹಳೆಯ ನರ್ಸಿಂಗ್ ಹೋಮಿಗೆ ಹೋದೆ. ರೆಕಾರ್ಡ್ ಕೋಣೆಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರಿದ್ದರು. ಯಾವ ಶಸ್ತ್ರಚಿಕಿತ್ಸೆ ಎಂದು ಕೇಳಿದರು, ಹೇಳಿದೆ. ಮುಖ ಎತ್ತಲಿಲ್ಲ, ನಗಲಿಲ್ಲ, ಪುಣ್ಯಾತ್ಮ. ಹಳೆಯ ಕಡತಗಳೆಲ್ಲ ಕೆಳಗಿನ ಕೋಣೆಯಲ್ಲಿವೆ, ಅಲ್ಲಿಗೆ ಮಳೆನೀರು ನುಗ್ಗಿದೆ, ಏನು ಉಳಿದಿದೆಯೋ ನೀರು ಇಳಿದ ಮೇಲೆ ನೋಡಬೇಕು ಎಂದರು. ‘ಚೌತಿ ಕಳೆಯಲಿ ಅಮ್ಮಾ, ಆಮೇಲೆ ಬನ್ನಿ.’ ನನ್ನ ಹೆಸರನ್ನೂ ‘2011 ಡಿಸೆಂಬರ್’ ಎಂಬುದನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡಿದ್ದಾರೆ. ಸೆಪ್ಟೆಂಬರ್ ಮೂರನೆಯ ವಾರ ಹೋಗುತ್ತೇನೆ.