ಮಕ್ಕಳ ಕ್ಯಾಮೆರಾಗೆ ‘ಫುಲ್ ಫ್ರೇಮ್‌ಗೆ ಹೋಗಿಬಿಡಿ’ ಅಂದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಫೋಟೋ ಹುಚ್ಚು ಹತ್ತಿದ ಮಗನೋ ಮಗಳೋ ಇದ್ದು, ಈಗಿರುವ ಕ್ಯಾಮೆರಾ ಕೊಟ್ಟು ಇನ್ನೂ ಒಳ್ಳೇದು ಕೊಡಿಸೋಣ ಅಂತ ಯೋಚನೆ ಮಾಡುತ್ತಿದ್ದರೆ, ದಯವಿಟ್ಟು ಅಂಗಡಿಗೆ ಹೋಗುವ ಮುಂಚೆ ಇದನ್ನೊಮ್ಮೆ ಪೂರ್ತಿ ಓದಿ. ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ನಮ್ಮ ಅಕ್ಕನ ಮನೆಯವರಿಗೆ ಆದ ಮೋಸ ಇದು. ಅಂಗಡಿಯ ಹೆಸರು ಬರೆಯುವುದಿಲ್ಲ, ದೂರು ಕೊಟ್ಟಾಗಿದೆ, ಅದು ಇನ್ನೂ ನಡೆಯುತ್ತಿದೆ. ಆದರೆ ಅಲ್ಲಿ ಮಾಡಿದ ಆಟ ಎಲ್ಲಿ ಬೇಕಾದರೂ ಮಾಡಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನ ಮಗಳು ಸೆಕೆಂಡ್ ಪಿಯುಸಿ ಓದುತ್ತಾಳೆ. ಮನೆ ಮೈಸೂರಿನಲ್ಲಿ, ರಂಗನತಿಟ್ಟು ಹತ್ತಿರ, ಹಾಗಾಗಿ ಅವಳದ್ದೆಲ್ಲ ಹಕ್ಕಿ ಫೋಟೋ. ಅವಳ ಹತ್ತಿರ ಇದ್ದದ್ದು ನಿಕಾನ್ ಡಿ3500, ಜೊತೆಗೆ 18-55 ಮತ್ತು 70-300 ಲೆನ್ಸು (ಈ ನಂಬರು ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಕೂತಿರುವ ಕೊಕ್ಕರೆಗೆ ಆ ಕ್ಯಾಮೆರಾ ಚೆನ್ನಾಗಿಯೇ ಸಾಲುತ್ತಿತ್ತು. ನೀರಿನ ಮೇಲೆ ಸರ್ರನೆ ಹಾರುವ ರಿವರ್ ಟರ್ನ್ ಹಕ್ಕಿ ಬಂದಾಗ ಮಾತ್ರ ಫೋಕಸ್ ಹಿಡಿಯುತ್ತಿರಲಿಲ್ಲ, ಅದರಲ್ಲಿ ಇರುವುದೇ 11 ಫೋಕಸ್ ಪಾಯಿಂಟ್, ಅಂದರೆ ಫೋಕಸ್ ಹಿಡಿಯುವ ಜಾಗ. ದೂರದ ಹಕ್ಕಿ ಇನ್ನೂ ದೊಡ್ಡದಾಗಿ ಬರಬೇಕು ಅಂತಲೂ ಅವಳ ಆಸೆ. ಅಂದರೆ ಅವಳಿಗೆ ಬೇಕಾಗಿದ್ದು ಎರಡೇ: ಚುರುಕಾದ ಫೋಕಸ್, ಇನ್ನಷ್ಟು ದೂರ ಎಟುಕುವುದು. ಈ ಎರಡು ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಭಾವ ಅವಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದು ಅಂಗಡಿಗೆ ಹೋದರು. ಅಂಗಡಿಯವನು ಅವಳು ಏನು ಫೋಟೋ ತೆಗೆಯುತ್ತಾಳೆ ಅಂತ ಒಂದು ಸಲವೂ ಕೇಳಲಿಲ್ಲವಂತೆ. "ಇದು ಎಂಟ್ರಿ ಲೆವೆಲ್ ಸರ್, ಇದರಲ್ಲಿ ಎಷ್ಟು ತೆಗೆದರೂ ಇಷ್ಟೇ. ನಿಮ್ಮ ಮಗಳು ಸೀರಿಯಸ್ಸಾಗಿ ಕಲೀಬೇಕು ಅಂದ್ರೆ ಫುಲ್ ಫ್ರೇಮ್‌ಗೆ ಹೋಗಿಬಿಡಿ, ಪ್ರೊಫೆಷನಲ್‌ಗಳೆಲ್ಲ ಇದನ್ನೇ ಇಟ್ಕೊಂಡಿರೋದು" ಅಂತ ನಿಕಾನ್ ಡಿ750 ತೆಗೆದು ಕೈಗಿಟ್ಟಿದ್ದಾನೆ. ಫುಲ್ ಫ್ರೇಮ್ ಅಂದರೆ ಫೋಟೋ ಹಿಡಿಯುವ ಸೆನ್ಸರು ದೊಡ್ಡದಿರುವ ಕ್ಯಾಮೆರಾ, ಡಿ3500ರದ್ದು ಚಿಕ್ಕ ಸೆನ್ಸರು. "70-300 ಲೆನ್ಸ್ ಇಟ್ಕೊಳ್ಳಿ, ಇದಕ್ಕೂ ಆಗುತ್ತೆ" ಅಂದಿದ್ದಾನೆ. ಬೆಲೆ ₹48,000. ಡಿ3500 ಮತ್ತು 18-55 ಎಕ್ಸ್‌ಚೇಂಜ್‌ಗೆ ₹12,000 ಕಳೆದು, ಮಿಕ್ಕ ₹36,000 ಯಾವುದೋ ವ್ಯಕ್ತಿಯ ಹೆಸರಿನ ನಂಬರಿಗೆ ಯುಪಿಐ ಮಾಡಿಸಿಕೊಂಡಿದ್ದಾನೆ. ಬಿಲ್ ಅಂತ ಕೊಟ್ಟಿದ್ದು ಒಂದು ತುಂಡು ಚೀಟಿ. ಅದರ ಮೇಲೆ "ಕ್ಯಾಮೆರಾ 1" ಅಂತ ಬರೆದಿತ್ತು, ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ಇಲ್ಲ, ಸೀಲೂ ಇಲ್ಲ.

ಮುಂದಿನ ವಾರಾಂತ್ಯ ರಂಗನತಿಟ್ಟಿನಿಂದ ಬಂದವಳೇ ಫೋನ್ ಮಾಡಿದಳು. "ಮಾಮ, ಹಾರೋ ಹಕ್ಕಿ ಫೋಕಸ್ ಆಗ್ತಿದೆ, ಆದ್ರೆ ಜೂಮ್ ಮಾಡಿ ನೋಡಿದ್ರೆ ಫೋಟೋ ಒಡೆದು ಹೋಗ್ತಿದೆ, ಹಳೇ ಕ್ಯಾಮೆರಾದಲ್ಲೇ ಚೆನ್ನಾಗಿತ್ತು."

ಹಳೇದರಲ್ಲೇ ಚೆನ್ನಾಗಿದ್ದದ್ದು ನಿಜ. ಅವಳ 70-300 ಚಿಕ್ಕ ಸೆನ್ಸರಿನ ಕ್ಯಾಮೆರಾಗೆ ಅಂತಲೇ ಮಾಡಿದ ಡಿಎಕ್ಸ್ ಲೆನ್ಸು. ಅದನ್ನು ಡಿ750ಗೆ ಹಾಕಿದರೆ ಕ್ಯಾಮೆರಾ ತಾನಾಗಿಯೇ ಸೆನ್ಸರಿನ ಮಧ್ಯದ ಭಾಗವನ್ನಷ್ಟೇ ಬಳಸುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ಸಿಗುವುದು ಸುಮಾರು 10 ಮೆಗಾಪಿಕ್ಸೆಲ್. ಡಿ3500ರಲ್ಲಿ ಅದೇ ಲೆನ್ಸು, ಅದೇ ಹಕ್ಕಿ, ಅದೇ ದೂರಕ್ಕೆ ಪೂರ್ತಿ 24 ಸಿಗುತ್ತಿತ್ತು! ಸರಿ, ಫುಲ್ ಫ್ರೇಮ್ ಲೆನ್ಸೇ ತಗೊಂಡರೆ? ಆಗಲೂ 300 ಅಂದರೆ 300 ಅಷ್ಟೇ. ಚಿಕ್ಕ ಸೆನ್ಸರಿನಲ್ಲಿ ಅದೇ 300 ಲೆನ್ಸು 450ರಷ್ಟು ಹತ್ತಿರ ತೋರಿಸುತ್ತದೆ, ಒಂದೂವರೆ ಪಟ್ಟು. ಹಕ್ಕಿ ತೆಗೆಯುವವರಿಗೆ ಅದು ಪುಕ್ಕಟೆ ಸಿಗುವ ಲಾಭ. ಅವಳು ದುಡ್ಡು ಕೊಟ್ಟು ಅದನ್ನೇ ಕಳೆದುಕೊಂಡಳು. ಭಾರ ಬೇರೆ: ಡಿ3500 ಬ್ಯಾಟರಿ ಸೇರಿ 415 ಗ್ರಾಂ, ಇದು 840.

ಫುಲ್ ಫ್ರೇಮ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮದುವೆ, ಪೋರ್ಟ್ರೇಟ್, ದಸರಾ ದೀಪಾಲಂಕಾರ, ಕಡಿಮೆ ಬೆಳಕಿನ ಕೆಲಸಕ್ಕೆ ಅದು ಬಹಳ ಒಳ್ಳೇದು. ಆದರೆ ಬಜೆಟ್ ಕಡಿಮೆ, ಲೆನ್ಸು 300, ತೆಗೆಯುವುದು ಹಕ್ಕಿ ಅಂದಮೇಲೆ ಆ ಹುಡುಗಿಗೆ ಅದನ್ನು ಮಾರಿದ್ದು ಅನ್ಯಾಯ.

ಇನ್ನು ಅಸಲಿ ಮೋಸಕ್ಕೆ ಬರುತ್ತೇನೆ. ಕ್ಯಾಮೆರಾ ಎಷ್ಟು ಬಳಕೆಯಾಗಿದೆ ಅಂತ ಭಾವ ಕೇಳಿದ್ದಾರೆ. ಅವನು ಒಂದು ಫೋಟೋ ಕ್ಲಿಕ್ ಮಾಡಿ, ಪರದೆ ಮೇಲೆ ಫೈಲಿನ ಹೆಸರು ತೋರಿಸಿ, "ನೋಡಿ ಸರ್, ಡಿಎಸ್‌ಸಿ 8412. ಒಂಬತ್ತು ಸಾವಿರ ಕ್ಲಿಕ್ಕೂ ಆಗಿಲ್ಲ, ಹೊಸದೇ ಲೆಕ್ಕ" ಅಂದಿದ್ದಾನೆ. ಕೇಳಿದವರು ನಂಬುತ್ತಾರೆ ಅಲ್ವಾ? ಕಣ್ಣೆದುರಿಗೇ ಇದೆ ನಂಬರು. ಆದರೆ ಆ ನಂಬರಿಗೂ ಬಳಕೆಗೂ ಸಂಬಂಧವೇ ಇಲ್ಲ. ಫೈಲ್ ನಂಬರು 9999ರವರೆಗೆ ಹೋಗಿ ಮತ್ತೆ 0001ರಿಂದ ಶುರುವಾಗುತ್ತದೆ, ಮೆನುವಿನಲ್ಲಿ ಯಾವಾಗ ಬೇಕಾದರೂ ರೀಸೆಟ್ ಮಾಡಬಹುದು. ಎಷ್ಟು ಸುತ್ತು ಸುತ್ತಿ ಬಂದ 8412 ಅದು ಅಂತ ಪರದೆ ಹೇಳುವುದಿಲ್ಲ.

ನಿಜವಾದ ಲೆಕ್ಕ ಫೋಟೋ ಫೈಲಿನ ಒಳಗೆ ಇರುತ್ತದೆ. ನಿಕಾನ್ ಡಿಎಸ್‌ಎಲ್‌ಆರ್‌ಗಳು (ಒಳಗೆ ಕನ್ನಡಿ ಇರುವ, ಈ ಥರದ ಕ್ಯಾಮೆರಾಗಳು) ಪ್ರತಿ ಫೋಟೋದಲ್ಲೂ ಶಟರ್ ಕೌಂಟ್, ಅಂದರೆ ಬೆಳಕು ಒಳಗೆ ಬಿಡುವ ಶಟರ್ ಎಷ್ಟು ಸಲ ಓಡಿದೆ ಅನ್ನುವ ಲೆಕ್ಕ ಬರೆದಿಡುತ್ತವೆ. ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದರೆ ಕಾಣುತ್ತದೆ. ಅವಳ ಕಾರ್ಡಿನಿಂದ ಒಂದು ಫೋಟೋ ತೆರೆದು ನೋಡಿದೆ. 2 ಲಕ್ಷ 31 ಸಾವಿರ ಚಿಲ್ಲರೆ! ಡಿ750 ಶಟರನ್ನು ನಿಕಾನ್ ಪರೀಕ್ಷೆ ಮಾಡಿರುವುದು 1 ಲಕ್ಷ 50 ಸಾವಿರ ಕ್ಲಿಕ್ಕಿಗೆ. ಅದನ್ನು ದಾಟಿದ ಕೂಡಲೇ ಶಟರ್ ಸತ್ತೇ ಹೋಗುತ್ತದೆ ಅಂತಲ್ಲ, ದಾಟಿ ಎಷ್ಟೋ ಓಡಿದವೂ ಇವೆ. ಆದರೆ ಅಷ್ಟು ಓಡಿದ್ದನ್ನು ಹೊಸದು ಅಂತ ಹೇಳಿ ಮಾರಬಾರದು.

ಆಮೇಲೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದೆ. ಮೇಲೆ ಫ್ಲ್ಯಾಶ್ ಕೂರಿಸುವ ಜಾಗದ ಎರಡೂ ಅಂಚಿನಲ್ಲಿ ಕಪ್ಪು ಬಣ್ಣ ಪೂರ್ತಿ ಸವೆದು ಲೋಹ ಹೊಳೆಯುತ್ತಿತ್ತು. ಬಲಗೈ ಹಿಡಿಯುವ ಕಡೆ ರಬ್ಬರು ಹೊಸದಾಗಿ ಅಂಟಿಸಿದ್ದು, ಮೂಲೆಯಲ್ಲಿ ಅಂಟು ಹೊರಗೆ ಬಂದು ಗಟ್ಟಿಯಾಗಿತ್ತು. ದಿನಾ ಫ್ಲ್ಯಾಶ್ ಹಾಕಿ ತೆಗೆದು ಮಾಡಿದ, ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ ಅದು. ಮುಹೂರ್ತ, ಆರತಕ್ಷತೆ ಅಂತ ಒಂದೇ ಮದುವೆಗೆ ಸಾವಿರಗಟ್ಟಲೆ ಕ್ಲಿಕ್ ಆಗುತ್ತದೆ.

ಮಳೆಗಾಲ ಮುಗಿಯುವ ಮುಂಚೆಯೇ ಶಟರ್ ನಿಂತಿತು. ಕ್ಲಿಕ್ ಮಾಡಿದರೆ ಒಳಗೆ ಕನ್ನಡಿ ಮೇಲೇ ಸಿಕ್ಕಿಹಾಕಿಕೊಂಡು, ಪರದೆ ಮೇಲೆ ಎರರ್ ಮಿಟುಕುತ್ತದೆ. ಶಟರ್ ಬದಲಿಸಲು ಹದಿನೈದು ಸಾವಿರದ ಮೇಲಾಗುತ್ತದೆ ಅಂದರು ರಿಪೇರಿಯವರು. ಅಂಗಡಿಗೆ ಹೋದರೆ "ಯೂಸ್ಡ್ ಐಟಂ ಸರ್, ನೋಡಿಕೊಂಡೇ ತಗೊಂಡ್ರಲ್ಲ" ಅನ್ನುವ ಉತ್ತರ. ಡಿ3500 ವಾಪಸ್ ಕೊಡಿ ಅಂದರೆ ಅದು ಆಗಲೇ ಮಾರಿಹೋಗಿತ್ತು. ಆ ಹುಡುಗಿ ಅಂಗಡಿಯಿಂದ ಹೊರಗೆ ಬಂದು ಏನೂ ಮಾತಾಡಲಿಲ್ಲ. ನನಗೆ ದುಡ್ಡಿಗಿಂತ ಜಾಸ್ತಿ ಸಂಕಟ ಆಗಿದ್ದು ಅದಕ್ಕೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇವೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಆದರೆ ನಮ್ಮ ಕೈಯಲ್ಲಿರುವ ಆಧಾರ ಯುಪಿಐ ದಾಖಲೆ ಮತ್ತು ಆ ತುಂಡು ಚೀಟಿ, ಅಷ್ಟೇ. ಇದೇ ಕ್ಯಾಮೆರಾವನ್ನು ಅವರೇ ಮಾರಿದ್ದು ಅಂತ ತೋರಿಸುವುದೇ ಕಷ್ಟವಾಗಿದೆ. ಹಾಗಾಗಿ ಸೀರಿಯಲ್ ನಂಬರ್ ಮತ್ತು ಶಟರ್ ಕೌಂಟ್ ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ದುಡ್ಡು ಕಳಿಸಲೇಬೇಡಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಹಳೇ ಕ್ಯಾಮೆರಾವನ್ನು ಅದೇ ದಿನ ಎಕ್ಸ್‌ಚೇಂಜ್‌ಗೆ ಕೊಡಲೂ ಬೇಡಿ. ಹೊಸದರಲ್ಲಿ ಕೆಲವು ದಿನ ಫೋಟೋ ತೆಗೆದು, ಮನಸ್ಸಿಗೆ ಒಪ್ಪಿದ ಮೇಲೆ ಮಾರಿದರೆ ಸಾಕು.

ಅವಳಿಗೆ ಏನು ಕೊಡಿಸಬೇಕಿತ್ತು ಅಂತ ಕೇಳಿದರೆ, 2017ರಲ್ಲಿ ಬಂದ ಡಿ7500, ಕಡಿಮೆ ಓಡಿದ್ದು. ಅದೇ ಡಿಎಕ್ಸ್ ಅಳತೆಯ ಚಿಕ್ಕ ಸೆನ್ಸರು, ಅವಳ ಎರಡೂ ಲೆನ್ಸು ಹಾಗೇ ಕೂರುತ್ತವೆ, 51 ಫೋಕಸ್ ಪಾಯಿಂಟ್, ಸೆಕೆಂಡಿಗೆ 8 ಫೋಟೋ. ಹೊಸದೇ ಬೇಕು, ಸ್ವಲ್ಪ ಜಾಸ್ತಿ ಹಾಕಬಲ್ಲಿರಿ ಅಂದರೆ ಹಕ್ಕಿಯನ್ನು ಗುರುತು ಹಿಡಿದು ಫೋಕಸ್ ಮಾಡುವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ಬಂದಿವೆ, ನಿಕಾನ್ ಝಡ್50 2, ಕ್ಯಾನನ್ ಆರ್10 ಥರದವು, ಅವೂ ಚಿಕ್ಕ ಸೆನ್ಸರಿನವೇ. ಕೂತ ಹಕ್ಕಿಯೇ ಜಾಸ್ತಿ ತೆಗೆಯುವ ಮಕ್ಕಳಿಗೆ ಬಾಡಿ ಬದಲಿಸದೆ ಲೆನ್ಸಿಗೇ ದುಡ್ಡು ಹಾಕುವುದು ಇನ್ನೂ ಒಳ್ಳೇದು.

ಹಳೇ ಲೆನ್ಸ್ ತಗೊಳ್ಳುವಾಗ ಮೊಬೈಲ್ ಟಾರ್ಚ್ ಹಾಕಿ ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಗಾಜಿನ ಮೇಲೆ ಜೇಡರ ಬಲೆ ಥರ ಸಣ್ಣ ಎಳೆ ಕಂಡರೆ ಫಂಗಸ್, ಬೇಡ. ಮಲೆನಾಡು, ಕರಾವಳಿ ಕಡೆಯ ಲೆನ್ಸುಗಳಲ್ಲಿ ಇದು ಬಹಳ.

ಯಾರಾದರೂ ಈಗ ನಿಕಾನ್ ಡಿಎಸ್‌ಎಲ್‌ಆರ್ ನೋಡಿಟ್ಟಿದ್ದರೆ, ಅಂಗಡಿಯಲ್ಲಿ ನಿಮ್ಮದೇ ಕಾರ್ಡ್ ಹಾಕಿ ಒಂದು ಫೋಟೋ ತೆಗೆದು ನನಗೆ ಕಳಿಸಿ, ಕೌಂಟ್ ನೋಡಿ ಹೇಳುತ್ತೇನೆ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಹಾಕಿ. ಕ್ಯಾನನ್‌ನಲ್ಲಿ ಹೆಚ್ಚಿನ ಮಾಡೆಲ್‌ಗಳು ಫೋಟೋದಲ್ಲಿ ಈ ಲೆಕ್ಕ ಬರೆಯುವುದಿಲ್ಲ, ಅದಕ್ಕೆ ಕ್ಯಾಮೆರಾವನ್ನು ಕಂಪ್ಯೂಟರಿಗೇ ಜೋಡಿಸಿ ನೋಡಬೇಕಾಗುತ್ತದೆ, ಅಂಗಡಿಯವರನ್ನು ಮೊದಲೇ ಕೇಳಿ ಒಪ್ಪಿಸಿಕೊಂಡು ಹೋಗಿ.